ಕೃತಕ ಸೊಂಟದ ಕೀಲಿನ ಸವಕಳಿ ಮತ್ತು ಗಣಕಯಂತ್ರದ ಲೆಕ್ಕಾಚಾರ: ಅರ್ಜಿದಾರರ ತಿಳುವಳಿಕೆಗಾಗಿ

ಸೊಂಟದ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆಗೆ ನೆರವು ಕೋರಿ ಅರ್ಜಿ ಸಲ್ಲಿಸುವವರು ಹಾಗೂ ಅವರ ಕುಟುಂಬದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಅಳವಡಿಸಲಾಗುವ ಕೃತಕ ಕೀಲು ಎಷ್ಟು ವರ್ಷ ಬಾಳಿಕೆ ಬರುತ್ತದೆ ಎಂಬುದಾಗಿರುತ್ತದೆ. ತಯಾರಕರ ಕಿರುಹೊತ್ತಿಗೆಗಳಲ್ಲಿ ಇದಕ್ಕೆ ಉತ್ತರವಾಗಿ, ಕೀಲನ್ನು ಗಣಕಯಂತ್ರದ ಮೂಲಕ ಪರೀಕ್ಷಿಸಲಾಗಿದೆ, ಇಷ್ಟು ದಶಲಕ್ಷ ಆವರ್ತನಗಳಿಗೆ ಪರೀಕ್ಷಿಸಲಾಗಿದೆ ಎಂಬಂತಹ ಮಾತುಗಳು ಕಂಡುಬರುತ್ತವೆ. ಇಂತಹ ಮಾತನ್ನು ನಂಬಿ, ಹೆಚ್ಚುವರಿ ಹಣ ತೆತ್ತು ಬೇರೊಂದು ಮಾದರಿಯ ಕೀಲನ್ನು ಪಡೆಯಬೇಕೇ ಎಂಬುದನ್ನು ಕುಟುಂಬದವರು ಕೆಲವೇ ದಿನಗಳಲ್ಲಿ ತೀರ್ಮಾನಿಸಬೇಕಾದ ಸಂದರ್ಭಗಳೂ ಉಂಟು. ಆದುದರಿಂದ, ಸದರಿ ಲೆಕ್ಕಾಚಾರವನ್ನು ಹೇಗೆ ಮಾಡಲಾಗುತ್ತದೆ, ಅದರಿಂದ ಏನು ತಿಳಿಯುತ್ತದೆ ಮತ್ತು ಏನು ತಿಳಿಯುವುದಿಲ್ಲ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ. ಚಿಕಿತ್ಸೆಯ ಬಗೆಗಿನ ತೀರ್ಮಾನವು ಶಸ್ತ್ರಚಿಕಿತ್ಸಕರ ಸಲಹೆಗೆ ಒಳಪಟ್ಟಿರುತ್ತದೆ.

ಕೀಲಿನ ರಚನೆ ಮತ್ತು ಸವಕಳಿ

ಸೊಂಟದ ಕೀಲು ಒಂದು ಬಟ್ಟಲು ಮತ್ತು ಅದರೊಳಗೆ ತಿರುಗುವ ಒಂದು ಗುಂಡಿನ ಜೋಡಣೆಯಾಗಿರುತ್ತದೆ. ಕೃತಕ ಕೀಲಿನಲ್ಲಿ ಗುಂಡು ಲೋಹದ್ದು ಅಥವಾ ಪಿಂಗಾಣಿ ಜಾತಿಯ ಸೆರಾಮಿಕ್‌ನದ್ದು. ಬಟ್ಟಲಿನ ಒಳಮೈ ಬಹುತೇಕ ಸಂದರ್ಭಗಳಲ್ಲಿ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದ್ದು. ನಡೆಯುವಾಗ ಗುಂಡು ಬಟ್ಟಲಿನಲ್ಲಿ ಉಜ್ಜಿ, ಪ್ಲಾಸ್ಟಿಕ್ ಸ್ವಲ್ಪಸ್ವಲ್ಪವೇ ಸವೆಯುತ್ತದೆ.

ಬಟ್ಟಲು ತೂತಾಗುವವರೆಗೆ ಸವೆದರೆ ಮಾತ್ರ ಅಪಾಯ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ವಾಸ್ತವದಲ್ಲಿ ತೊಂದರೆ ಅದಕ್ಕಿಂತ ಬಹಳ ಮೊದಲೇ ಪ್ರಾರಂಭವಾಗಬಹುದು. ಸವೆದು ಉದುರುವ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಚಿಕ್ಕವು. ದೇಹದ ರಕ್ಷಕ ಜೀವಕೋಶಗಳು ಇವುಗಳನ್ನು ರೋಗಾಣುಗಳಂತೆ ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. ಇದರಿಂದ ಉಂಟಾಗುವ ಉರಿಯೂತದ ಫಲವಾಗಿ ಕೀಲಿನ ಸುತ್ತಲಿನ ಮೂಳೆ ಕರಗುತ್ತಾ ಹೋಗಿ, ಕೀಲು ಸಡಿಲಗೊಳ್ಳುತ್ತದೆ. ಈ ಮೂಳೆ ಕರಗುವಿಕೆಯಿಂದ ಅನೇಕ ವೇಳೆ ಪ್ರಾರಂಭದಲ್ಲಿ ಯಾವ ನೋವೂ ಇರುವುದಿಲ್ಲ.

ಪ್ರಮಾಣದ ಕಲ್ಪನೆಗಾಗಿ ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಗುಂಡಿನ ವ್ಯಾಸ 28 ಮಿ.ಮೀ. ಇದ್ದು, ಅದು ಬಟ್ಟಲಿನೊಳಕ್ಕೆ ವರ್ಷಕ್ಕೆ 0.1 ಮಿ.ಮೀ. ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಇದು ಹಳೆಯ ಮಾದರಿಯ ಪ್ಲಾಸ್ಟಿಕ್‌ನಲ್ಲಿ ಸಾಮಾನ್ಯವಾಗಿ ಕಂಡುಬರುತ್ತಿದ್ದ ಪ್ರಮಾಣ. ಆಗ ವರ್ಷಕ್ಕೆ ಉದುರುವ ಪ್ಲಾಸ್ಟಿಕ್ ಸುಮಾರು 62 ಘನ ಮಿಲಿಮೀಟರ್, ಅಂದರೆ ನಾಲ್ಕಾರು ಅಕ್ಕಿಕಾಳಿನಷ್ಟು. ಕಣಗಳೆಲ್ಲವೂ ಅರ್ಧ ಮೈಕ್ರಾನ್ ಗಾತ್ರದವೆಂದು ಭಾವಿಸಿ ಭಾಗಿಸಿದಲ್ಲಿ, ವರ್ಷಕ್ಕೆ ಹತ್ತು ಲಕ್ಷ ಬಾರಿ ಊರುವ ಕಾಲಿನಲ್ಲಿ ಪ್ರತಿ ಬಾರಿಗೂ ಒಂಬತ್ತು ಲಕ್ಷಕ್ಕೂ ಹೆಚ್ಚು ಕಣಗಳು ಉದುರಿದಂತಾಗುತ್ತದೆ. ಸವಕಳಿ ವರ್ಷಕ್ಕೆ 0.05 ಮಿ.ಮೀ.ಗಿಂತ ಕಡಿಮೆ ಇದ್ದಲ್ಲಿ ಮೂಳೆ ಕರಗುವಿಕೆ ಅಪರೂಪವೆಂದೂ, 0.1 ಮಿ.ಮೀ. ಮೀರಿದಂತೆ ಹೆಚ್ಚುತ್ತದೆಂದೂ ರೋಗಿಗಳ ದೀರ್ಘಕಾಲದ ಪರಿಶೀಲನೆಯಿಂದ ತಿಳಿದುಬಂದಿರುತ್ತದೆ. ತಲೆಗೂದಲಿನ ದಪ್ಪದಷ್ಟು ಅಂತರದಲ್ಲಿ ಇಷ್ಟು ವ್ಯತ್ಯಾಸ ಇರುವುದರಿಂದಲೇ ಸವಕಳಿಯನ್ನು ಮುಂಚಿತವಾಗಿ ಲೆಕ್ಕಹಾಕುವ ಪ್ರಯತ್ನಕ್ಕೆ ಮಹತ್ವ ಬಂದಿದೆ.

ಪರೀಕ್ಷೆ ಇಲ್ಲದಿದ್ದ ಕಾಲ

ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರಚಿಕಿತ್ಸಕರಾಗಿದ್ದ ಜಾನ್ ಚಾರ್ನ್‌ಲಿ ಅವರು 1950ರ ದಶಕದ ಕೊನೆಯಲ್ಲಿ ಕೀಲಿನ ಬಟ್ಟಲಿಗೆ ಟೆಫ್ಲಾನ್ ಬಳಸಿದರು. ಟೆಫ್ಲಾನ್ ಅತ್ಯಂತ ನುಣುಪಾದ ವಸ್ತು. ಘರ್ಷಣೆ ಕಡಿಮೆ ಇದ್ದಲ್ಲಿ ಸವಕಳಿಯೂ ಕಡಿಮೆ ಇರುತ್ತದೆ ಎಂದು ತೋರುವುದು ಸಹಜ. ಸುಮಾರು 300 ಶಸ್ತ್ರಚಿಕಿತ್ಸೆಗಳು ನಡೆದವು. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ತೀವ್ರವಾಗಿ ಸವೆದು, ಕೀಲುಗಳನ್ನು ಹೊರತೆಗೆಯಬೇಕಾಯಿತು. ನುಣುಪು ಬೇರೆ, ಬಾಳಿಕೆ ಬೇರೆ ಎಂಬುದು ಆ ರೋಗಿಗಳ ಕಷ್ಟದ ಮೂಲಕ ತಿಳಿಯಿತು.

1962ರಲ್ಲಿ, ಜವಳಿ ಯಂತ್ರಗಳ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ ಪಾಲಿಎಥಿಲೀನ್ ತುಂಡೊಂದು ಅದೇ ಆಸ್ಪತ್ರೆಯ ಪ್ರಯೋಗಶಾಲೆಗೆ ಬಂದಿತು. ಚಾರ್ನ್‌ಲಿ ಅವರು ಅದನ್ನು ಉಗುರಿನಿಂದ ಒತ್ತಿ ನೋಡಿ, ಪ್ರಯೋಜನವಿಲ್ಲವೆಂದು ಬಿಟ್ಟರೆಂದು ಹೇಳಲಾಗುತ್ತದೆ. ಅವರು ಊರಿನಲ್ಲಿಲ್ಲದಾಗ ತಂತ್ರಜ್ಞ ಹ್ಯಾರಿ ಕ್ರೇವನ್ ಅವರು ಅದನ್ನು ಉಜ್ಜುವ ಯಂತ್ರಕ್ಕೆ ಹಾಕಿದರು. ಟೆಫ್ಲಾನ್ ಒಂದು ದಿನದಲ್ಲಿ ಸವೆಯುತ್ತಿದ್ದಷ್ಟು ಈ ವಸ್ತು ಮೂರು ವಾರದಲ್ಲಿಯೂ ಸವೆದಿರಲಿಲ್ಲ. ಅದೇ ವರ್ಷದ ನವೆಂಬರ್‌ನಿಂದ ಇದನ್ನು ರೋಗಿಗಳಲ್ಲಿ ಬಳಸಲಾಯಿತು. ಇಂದಿಗೂ ಬಳಕೆಯಲ್ಲಿರುವುದು ಇದೇ ಜಾತಿಯ ಪ್ಲಾಸ್ಟಿಕ್‌ನ ಸುಧಾರಿತ ರೂಪವಾಗಿರುತ್ತದೆ. ರೋಗಿಯ ದೇಹಕ್ಕಿಂತ ಮೊದಲು ಯಂತ್ರದಲ್ಲಿ ಸವೆಸಿ ನೋಡತಕ್ಕದ್ದು ಎಂಬ ಪದ್ಧತಿ ಗಟ್ಟಿಯಾದುದು ಈ ಅನುಭವದಿಂದ.

ಯಂತ್ರ ಪರೀಕ್ಷೆ

ಈಗ ಈ ಪರೀಕ್ಷೆಗೆ ಐ.ಎಸ್.ಓ. 14242 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಕೀಲನ್ನು ಯಂತ್ರದಲ್ಲಿ ಜೋಡಿಸಿ, ಕರುವಿನ ರಕ್ತದ ಸೀರಮ್ ಬೆರೆಸಿದ ದ್ರವದಲ್ಲಿ 37 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಮುಳುಗಿಸಿ, ಗರಿಷ್ಠ 3,000 ನ್ಯೂಟನ್ ಭಾರ ಹೇರಿ, ನಡಿಗೆಯಂತೆ ಹಿಂದೆ ಮುಂದೆ ಮತ್ತು ಪಕ್ಕಕ್ಕೆ ತಿರುಗಿಸಲಾಗುತ್ತದೆ. ಸೆಕೆಂಡಿಗೆ ಒಂದರಂತೆ 50 ಲಕ್ಷ ಆವರ್ತನ. ನಿಲ್ಲಿಸದೆ ಓಡಿಸಿದರೂ 58 ದಿನ ಬೇಕು. ನಡುನಡುವೆ ಬಿಚ್ಚಿ ತೂಕ ನೋಡಬೇಕಾಗಿರುವುದರಿಂದ ವಾಸ್ತವದಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಗುಂಡಿನ ಗಾತ್ರ, ಬಟ್ಟಲಿನ ಓರೆ, ರೋಗಿಯ ತೂಕ ಮುಂತಾದವುಗಳನ್ನು ಒಂದೊಂದಾಗಿ ಬದಲಿಸಿ ಹೀಗೆ ಪರೀಕ್ಷಿಸುತ್ತಾ ಹೋದಲ್ಲಿ ವರ್ಷಗಳು ಸಾಲವು. ಗಣಕಯಂತ್ರದ ಲೆಕ್ಕಾಚಾರವು ಈ ಅಡಚಣೆಯನ್ನು ನಿವಾರಿಸುವ ಸಲುವಾಗಿ ಬಂದುದಾಗಿದೆ.

ಗಣಕಯಂತ್ರದಲ್ಲಿ ಏನು ನಡೆಯುತ್ತದೆ?

ಲೆಕ್ಕದ ಮೂಲಸೂತ್ರ ಸರಳವಾದುದು. ಆರ್ಚರ್ಡ್ ಎಂಬ ವಿಜ್ಞಾನಿಯು 1953ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಸವೆಯುವ ವಸ್ತುವಿನ ಪ್ರಮಾಣವು ಮೇಲಿನ ಭಾರ ಮತ್ತು ಉಜ್ಜಿದ ದೂರ ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಇದಕ್ಕೆ ವಸ್ತುವಿನ ಸ್ವಭಾವವನ್ನು ಸೂಚಿಸುವ ಒಂದು ಗುಣಾಂಕವನ್ನು ಸೇರಿಸಲಾಗುತ್ತದೆ.

ಉಜ್ಜಿದ ದೂರವನ್ನು ಕೈಯಲ್ಲಿಯೇ ಲೆಕ್ಕಹಾಕಬಹುದು. ಮೇಲ್ಕಂಡ ಮಾನಕದಲ್ಲಿ ತೊಡೆಯು ಮುಂದಕ್ಕೆ 25 ಡಿಗ್ರಿ, ಹಿಂದಕ್ಕೆ 18 ಡಿಗ್ರಿ ಚಲಿಸುತ್ತದೆ. ಹೋಗಿ ಬರುವುದು ಸೇರಿ 86 ಡಿಗ್ರಿ. 28 ಮಿ.ಮೀ. ಗುಂಡಿನ ಮೈಮೇಲೆ ಇದು ಸುಮಾರು 21 ಮಿ.ಮೀ. ಆಗುತ್ತದೆ. ಹತ್ತು ಲಕ್ಷ ಆವರ್ತನಕ್ಕೆ 21 ಕಿಲೋಮೀಟರ್. ಗುಂಡು 36 ಮಿ.ಮೀ. ಆದಲ್ಲಿ 27 ಕಿಲೋಮೀಟರ್. ದೊಡ್ಡ ಗುಂಡು ಬಟ್ಟಲಿನಿಂದ ಜಾರಿ ಹೊರಬರುವ ಸಂಭವ ಕಡಿಮೆ, ಆದರೆ ಅದು ಹೆಚ್ಚು ದೂರ ಉಜ್ಜುತ್ತದೆ. ಚಾರ್ನ್‌ಲಿ ಅವರು ಸುಮಾರು 22 ಮಿ.ಮೀ.ನ ಚಿಕ್ಕ ಗುಂಡನ್ನೇ ಆರಿಸಿಕೊಳ್ಳಲು ಉಜ್ಜಾಟವನ್ನು ತಗ್ಗಿಸುವ ಉದ್ದೇಶವೇ ಮುಖ್ಯ ಕಾರಣವಾಗಿತ್ತು.

ಭಾರದ ವಿಷಯ ಇಷ್ಟು ಸುಲಭವಲ್ಲ. ಬಟ್ಟಲಿನ ಎಲ್ಲ ಭಾಗಕ್ಕೂ ಒಂದೇ ಒತ್ತಡ ಬೀಳುವುದಿಲ್ಲ. ಹೆಜ್ಜೆಯ ಪ್ರತಿ ಕ್ಷಣಕ್ಕೂ ಒತ್ತಡದ ಸ್ಥಾನ ಬದಲಾಗುತ್ತದೆ. ಆದುದರಿಂದ ಬಟ್ಟಲಿನ ಒಳಮೈಯನ್ನು ಗಣಕಯಂತ್ರದಲ್ಲಿ ಸಾವಿರಾರು ಚಿಕ್ಕ ಚೌಕಗಳಾಗಿ, ಒಂದು ಹೆಜ್ಜೆಯನ್ನು ಹಲವು ಕ್ಷಣಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೆ ಪ್ರತಿ ಕ್ಷಣದಲ್ಲಿ ಬೀಳುವ ಒತ್ತಡವನ್ನು ಲೆಕ್ಕಹಾಕಲಾಗುತ್ತದೆ. ಈ ವಿಧಾನಕ್ಕೆ ಫೈನೈಟ್ ಎಲಿಮೆಂಟ್ ವಿಧಾನವೆಂದು ಹೆಸರು. ಸೇತುವೆ ಮತ್ತು ವಿಮಾನಗಳ ವಿನ್ಯಾಸದಲ್ಲಿಯೂ ಇದೇ ಬಳಕೆಯಲ್ಲಿದೆ. ಒತ್ತಡವನ್ನು ಆ ಕ್ಷಣದ ಉಜ್ಜಾಟದ ದೂರದಿಂದ ಗುಣಿಸಿ, ಗುಣಾಂಕ ಸೇರಿಸಿ, ಹೆಜ್ಜೆಯುದ್ದಕ್ಕೂ ಕೂಡಿದಾಗ ಆ ಚೌಕ ಎಷ್ಟು ಆಳ ಸವೆಯಿತೆಂದು ಸಿಗುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ತಂಡವೊಂದು 1996ರಲ್ಲಿ ಈ ಕ್ರಮವನ್ನು ಸೊಂಟದ ಕೀಲಿಗೆ ಅನ್ವಯಿಸಿ ಪ್ರಕಟಿಸಿತು.

ಇನ್ನು ಮುಂದಿನದು ಲೆಕ್ಕಪತ್ರ ಬಲ್ಲವರಿಗೆ ಪರಿಚಿತವೆನಿಸಬಹುದು. ಯಂತ್ರೋಪಕರಣಗಳ ಮೌಲ್ಯ ವರ್ಷಂಪ್ರತಿ ಕುಗ್ಗುವುದಕ್ಕೂ ಕನ್ನಡದಲ್ಲಿ ಸವಕಳಿ ಎಂದೇ ಹೆಸರು. ಪ್ರತಿ ವರ್ಷ ಒಂದೇ ಮೊತ್ತವನ್ನು ಕಳೆಯುವುದು ಒಂದು ಪದ್ಧತಿ. ಉಳಿದ ಮೌಲ್ಯವನ್ನು ನೋಡಿ ಆಯಾ ವರ್ಷದ ಮೊತ್ತವನ್ನು ಹೊಸದಾಗಿ ಲೆಕ್ಕಹಾಕುವುದು ಇನ್ನೊಂದು. ಕೀಲಿನ ಲೆಕ್ಕ ಎರಡನೆಯ ಬಗೆಯದು. ಕೆಲವು ಲಕ್ಷ ಹೆಜ್ಜೆಗಳಷ್ಟು ಸವಕಳಿಯನ್ನು ಕಳೆದು, ಬಟ್ಟಲಿನ ಆಕಾರವನ್ನು ತಿದ್ದಿ, ತಿದ್ದಿದ ಆಕಾರದ ಮೇಲೆ ಒತ್ತಡವನ್ನು ಮತ್ತೆ ಲೆಕ್ಕಹಾಕಲಾಗುತ್ತದೆ. ಹೊಸದರಲ್ಲಿ ಗುಂಡು ಬಟ್ಟಲಿಗಿಂತ ತುಸು ಚಿಕ್ಕದಾಗಿರುವುದರಿಂದ ಚಿಕ್ಕ ಜಾಗದ ಮೇಲೆ ಒತ್ತಡ ಹೆಚ್ಚು. ಸವೆದಂತೆ ಗುಂಡಿಗೆ ಬಟ್ಟಲು ಹೊಂದಿಕೊಂಡು ಒತ್ತಡ ಹರಡುತ್ತದೆ. ಆದರೆ ಲೆಕ್ಕಪುಸ್ತಕದಲ್ಲಿ ಯಂತ್ರದ ಆಯುಷ್ಯವನ್ನು ಮೊದಲೇ ಅಂದಾಜು ಮಾಡಿ ಸವಕಳಿ ಬರೆಯಲಾಗುತ್ತದೆ, ಪುಸ್ತಕದಲ್ಲಿ ಸೊನ್ನೆಯಾದ ಯಂತ್ರ ಕಾರ್ಖಾನೆಯಲ್ಲಿ ಇನ್ನೂ ಓಡುತ್ತಿರುತ್ತದೆ. ಕೀಲಿನ ಲೆಕ್ಕದಲ್ಲಿಯೂ ಇಂತಹ ಅಂದಾಜುಗಳು ಅಡಗಿವೆ ಎಂಬುದನ್ನು ಓದುಗರು ಗಮನಿಸುವುದು ಅಗತ್ಯ.

ಮೊದಲನೆಯದು ಗುಣಾಂಕ. ಇದನ್ನು ಗಣಕಯಂತ್ರವು ಕಂಡುಹಿಡಿಯುವುದಿಲ್ಲ. ಪ್ರಯೋಗಶಾಲೆಯಲ್ಲಿ ವಸ್ತುವನ್ನು ಉಜ್ಜಿ ಅಳೆದು, ಗಣಕಯಂತ್ರಕ್ಕೆ ನೀಡಬೇಕಾಗುತ್ತದೆ. ಹಿಂದೆ ಈ ಅಳತೆಯಲ್ಲಿಯೇ ದೊಡ್ಡ ವ್ಯತ್ಯಾಸವಾಗಿತ್ತು. ಪ್ಲಾಸ್ಟಿಕ್ ತುಂಡನ್ನು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಉಜ್ಜಿದಾಗ ಸಿಕ್ಕ ಸವಕಳಿಯು ರೋಗಿಗಳಲ್ಲಿ ಕಂಡುದಕ್ಕಿಂತ ಹತ್ತಾರು ಪಟ್ಟು ಕಡಿಮೆ ಇತ್ತು. ಇದರ ಕಾರಣ 1990ರ ದಶಕದಲ್ಲಿ ಸ್ಪಷ್ಟವಾಯಿತು. ಪಾಲಿಎಥಿಲೀನ್‌ನ ಉದ್ದನೆಯ ಅಣುಗಳು ಉಜ್ಜಿದ ದಿಕ್ಕಿಗೆ ಸಾಲುಗೂಡಿ ಆ ದಿಕ್ಕಿನಲ್ಲಿ ಬಲಗೊಳ್ಳುತ್ತವೆ, ಅಡ್ಡ ದಿಕ್ಕಿನಲ್ಲಿ ದುರ್ಬಲವಾಗುತ್ತವೆ. ಬಾಳೆನಾರು ಉದ್ದಕ್ಕೆ ಎಳೆದರೆ ತಡೆಯುತ್ತದೆ, ಅಡ್ಡಕ್ಕೆ ಸುಲಭವಾಗಿ ಸೀಳುತ್ತದೆ. ಮನುಷ್ಯನ ನಡಿಗೆಯಲ್ಲಿ ತೊಡೆ ಹಿಂದೆ ಮುಂದೆ ಮಾತ್ರವಲ್ಲದೆ ಒಳಕ್ಕೂ ಹೊರಕ್ಕೂ ತಿರುಗುವುದರಿಂದ ಅಣುಗಳ ಮೇಲೆ ಅಡ್ಡ ಉಜ್ಜಾಟ ಬೀಳುತ್ತಲೇ ಇರುತ್ತದೆ. ಈಗಿನ ಲೆಕ್ಕಾಚಾರಗಳಲ್ಲಿ ಈ ಅಡ್ಡ ಉಜ್ಜಾಟದ ಪಾಲನ್ನು ಪ್ರತಿ ಚೌಕಕ್ಕೂ ಪ್ರತ್ಯೇಕವಾಗಿ ಸೇರಿಸಲಾಗುತ್ತಿದ್ದು, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಈ ಬಗ್ಗೆ ಸಾಕಷ್ಟು ಕೆಲಸ ನಡೆದಿದೆ. ವಿಕಿರಣದಿಂದ ಅಣುಗಳನ್ನು ಪರಸ್ಪರ ಬೆಸೆದ, ಅಂದರೆ ಕ್ರಾಸ್‌ಲಿಂಕ್ ಮಾಡಿದ ಪಾಲಿಎಥಿಲೀನ್ 1990ರ ದಶಕದ ಕೊನೆಯಿಂದ ಬಳಕೆಗೆ ಬಂದಿದ್ದು, ಸಾಲುಗೂಡುವುದನ್ನೇ ತಡೆಯುವುದರಿಂದ ಅದರ ಸವಕಳಿ ಬಹಳ ಕಡಿಮೆ ಇರುತ್ತದೆ. ಪ್ರಯೋಗಶಾಲೆಯಲ್ಲಿ ಕಂಡ ಈ ಸುಧಾರಣೆ ರೋಗಿಗಳಲ್ಲಿಯೂ ನಿಜವಾಗಿದೆ.

ಯಾರ ನಡಿಗೆ, ಯಾವ ಓರೆ?

ಎರಡನೆಯ ಅಂದಾಜು ನಡಿಗೆಯದು. ಲೆಕ್ಕಕ್ಕೆ ಬಳಸುವ ಭಾರದ ಅಂಕಿಗಳಲ್ಲಿ ಹೆಚ್ಚು ಪ್ರಸಿದ್ಧವಾದವು, ಜರ್ಮನಿಯ ಬರ್ಲಿನ್‌ನಲ್ಲಿ ಬರ್ಗ್‌ಮನ್ ಅವರ ತಂಡವು ಕೀಲಿನೊಳಗೇ ಅಳತೆಯ ಉಪಕರಣ ಅಳವಡಿಸಿ ಪಡೆದು, 2001ರಲ್ಲಿ ಪ್ರಕಟಿಸಿದಂತಹವು. ಅವುಗಳ ಪ್ರಕಾರ ಸಾಧಾರಣ ನಡಿಗೆಯಲ್ಲಿ ಕೀಲಿನ ಮೇಲೆ ದೇಹದ ತೂಕದ ಸುಮಾರು 2.4 ಪಟ್ಟು, ಮೆಟ್ಟಿಲು ಇಳಿಯುವಾಗ 2.6 ಪಟ್ಟು ಭಾರ ಬೀಳುತ್ತದೆ. ಎಡವಿದಾಗ 7 ಪಟ್ಟನ್ನೂ ಮೀರಿದ ಭಾರ ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ ದಾಖಲಾಗಿದೆ. ಬಹು ಅಮೂಲ್ಯವಾದ ಅಂಕಿಗಳು. ಆದರೆ 2001ರ ಅಂಕಿಗಳು ನಾಲ್ವರು ರೋಗಿಗಳವು.

ವರ್ಷಕ್ಕೆ ಹತ್ತು ಲಕ್ಷ ಆವರ್ತನವೆಂಬುದೂ ಒಂದು ರೂಢಿಯ ಅಂಕಿ. ಇದು ದಿನಕ್ಕೆ, ಎರಡೂ ಕಾಲು ಸೇರಿ, ಸುಮಾರು 5,500 ಹೆಜ್ಜೆಗಳಿಗೆ ಸಮ. ಹೊಲಗದ್ದೆಯ ಕೆಲಸದವರು ಅಥವಾ ಬೀದಿ ಬೀದಿ ತಿರುಗಿ ವ್ಯಾಪಾರ ಮಾಡುವವರು ದಿನಕ್ಕೆ 10,000 ಹೆಜ್ಜೆ ಇಟ್ಟಲ್ಲಿ ವರ್ಷಕ್ಕೆ 18 ಲಕ್ಷ ಆವರ್ತನವಾಗುತ್ತದೆ. ಅಂತಹವರ ಪಾಲಿಗೆ 50 ಲಕ್ಷ ಆವರ್ತನದ ಪರೀಕ್ಷೆಯು ಐದು ವರ್ಷಗಳದ್ದಲ್ಲ, ಮೂರು ವರ್ಷಕ್ಕೂ ಕಡಿಮೆ ಅವಧಿಯದು. ಕಿರುಹೊತ್ತಿಗೆಯಲ್ಲಿ ಆವರ್ತನಗಳ ಸಂಖ್ಯೆ ಕಂಡಾಗ ಈ ಭಾಗಾಕಾರವನ್ನು ಅರ್ಜಿದಾರರೇ ಮಾಡಿ ನೋಡಬಹುದು. ಅಲ್ಲದೆ, ಮಾನಕದ ನಡಿಗೆಯಲ್ಲಿ ತೊಡೆ ಮುಂದಕ್ಕೆ ಬಾಗುವುದು 25 ಡಿಗ್ರಿ ಮಾತ್ರ. ಕುಕ್ಕರಗಾಲಿನಲ್ಲಿ ಕೂರುವಾಗ, ನೆಲದ ಮೇಲೆ ಪಂಕ್ತಿಯಲ್ಲಿ ಊಟಕ್ಕೆ ಕುಳಿತು ಏಳುವಾಗ ಅದು 90 ಡಿಗ್ರಿ ದಾಟಬಹುದು. ಗುಂಡಿನ ಕತ್ತು ಬಟ್ಟಲಿನ ಅಂಚಿಗೆ ತಾಗುವ, ಗುಂಡು ಜಾರುವ ಸಂಭವ ಇರುತ್ತದೆ. ಈ ಭಂಗಿಗಳು ಸದರಿ ಪರೀಕ್ಷೆಯ ವ್ಯಾಪ್ತಿಯಲ್ಲಿ ಬರುವುದಿಲ್ಲವಾದ್ದರಿಂದ, ಈ ಬಗ್ಗೆ ಶಸ್ತ್ರಚಿಕಿತ್ಸಕರು ನೀಡುವ ಸೂಚನೆಯನ್ನೇ ಪಾಲಿಸತಕ್ಕದ್ದು.

ಮೂರನೆಯದು ಬಟ್ಟಲನ್ನು ಕೂರಿಸುವ ಓರೆ. ಇದರ ಮಹತ್ವ ತಿಳಿದುದು ಎ.ಎಸ್.ಆರ್. ಎಂಬ ಕೀಲಿನ ಪ್ರಕರಣದಿಂದ. ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಡೆಪ್ಯೂ ಸಂಸ್ಥೆಯು 2003ರಿಂದ ಮಾರಾಟ ಮಾಡಿದ ಈ ಕೀಲಿನಲ್ಲಿ ಗುಂಡು, ಬಟ್ಟಲು ಎರಡೂ ಲೋಹದವು. ಲೋಹದ ಮೇಲೆ ಲೋಹ ಉಜ್ಜುವ ಜೋಡಣೆಯಲ್ಲಿ, ಎಲ್ಲವೂ ಸರಿಯಾದ ಸ್ಥಾನದಲ್ಲಿದ್ದಾಗ ಸವಕಳಿ ಅತ್ಯಲ್ಪ. ಆದರೆ ಎ.ಎಸ್.ಆರ್. ಬಟ್ಟಲಿನ ಆಳ ಕಡಿಮೆ. ಶಸ್ತ್ರಚಿಕಿತ್ಸೆಯಲ್ಲಿ ಅದು ತುಸು ಹೆಚ್ಚು ಓರೆಯಾಗಿ ಕುಳಿತಲ್ಲಿ ಗುಂಡಿನ ಭಾರ ಬಟ್ಟಲಿನ ಅಂಚಿನ ಮೇಲೆ ಬಿದ್ದು, ಸವಕಳಿ ಹಲವು ಪಟ್ಟು ಏರಿ, ಕೋಬಾಲ್ಟ್ ಮತ್ತು ಕ್ರೋಮಿಯಂ ರಕ್ತಕ್ಕೆ ಸೇರಿ, ಸುತ್ತಲಿನ ಮಾಂಸಖಂಡಗಳಿಗೂ ಹಾನಿಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ರಾಷ್ಟ್ರೀಯ ಕೀಲು ದಾಖಲಾತಿಯ ಅಂಕಿಅಂಶಗಳಲ್ಲಿ, ಐದು ವರ್ಷದೊಳಗೆ ಸುಮಾರು 12ರಿಂದ 13 ಶೇಕಡಾ ಕೀಲುಗಳನ್ನು ಮರುಶಸ್ತ್ರಚಿಕಿತ್ಸೆ ಮಾಡಬೇಕಾಯಿತೆಂದು ಕಂಡುಬಂದು, 2010ರ ಆಗಸ್ಟ್‌ನಲ್ಲಿ ಕೀಲನ್ನು ವಿಶ್ವದಾದ್ಯಂತ ಹಿಂಪಡೆಯಲಾಯಿತು. ಅಷ್ಟರಲ್ಲಿ ಸುಮಾರು 93,000 ಕೀಲುಗಳು ಅಳವಡಿಕೆಯಾಗಿದ್ದವು. ಕೀಲನ್ನು ಸರಿಯಾದ ಓರೆಯಲ್ಲಿಟ್ಟು ನಡೆಸುವ ಪರೀಕ್ಷೆಯಲ್ಲಿ ಇಂತಹ ದೋಷ ಕಾಣುವುದಿಲ್ಲ. ಬಟ್ಟಲಿನ ಅಂಚಿನ ಮೇಲೆ ಭಾರ ಬೀಳುವ ಸ್ಥಿತಿಯನ್ನು ಪರೀಕ್ಷಿಸುವ ಭಾಗವು ಮೇಲ್ಕಂಡ ಮಾನಕಕ್ಕೆ ಸೇರಿದುದು 2018ರಲ್ಲಿ.

ಭಾರತದಲ್ಲಿ ಈ ಕೀಲಿನ ಸುಮಾರು 4,700 ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಕೇಂದ್ರ ಸರ್ಕಾರವು ನೇಮಿಸಿದ ತಜ್ಞರ ಸಮಿತಿಯ ವರದಿಯ ತರುವಾಯ, 2018ರಲ್ಲಿ ಸುಮಾರು 30 ಲಕ್ಷ ರೂಪಾಯಿಗಳಿಂದ 1.23 ಕೋಟಿ ರೂಪಾಯಿಗಳವರೆಗಿನ ಪರಿಹಾರದ ಸೂತ್ರವನ್ನು ಪ್ರಕಟಿಸಲಾಯಿತು. ಆದರೆ ರೋಗಿಗಳಲ್ಲಿ ಬಹುಪಾಲು ಜನರ ಪತ್ತೆಯೇ ಸಿಗಲಿಲ್ಲ. ತಮ್ಮ ದೇಹದಲ್ಲಿರುವ ಕೀಲು ಯಾವ ಮಾದರಿಯದು ಎಂಬ ದಾಖಲೆ ಕೈಯಲ್ಲಿಲ್ಲದ ರೋಗಿಗೆ, ಅದನ್ನು ಹಿಂಪಡೆಯಲಾಗಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದರೂ ಅದು ತನ್ನದೆಂದು ತಿಳಿಯಲು ಸಾಧ್ಯವಿರುವುದಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಗಣಕಯಂತ್ರದ ಲೆಕ್ಕಾಚಾರವು ಎರಡು ವಿನ್ಯಾಸಗಳಲ್ಲಿ ಯಾವುದು ಕಡಿಮೆ ಸವೆಯುತ್ತದೆ, ಓರೆ ಹೆಚ್ಚಾದರೆ ಏನಾಗುತ್ತದೆ ಎಂಬಂತಹ ಹೋಲಿಕೆಗಳಿಗೆ ವಿಶ್ವಾಸಾರ್ಹವಾಗಿದೆ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಕೀಲು ಇಂತಿಷ್ಟೇ ವರ್ಷ ಬಾಳುತ್ತದೆ ಎಂಬ ಖಾತರಿಯಾಗಿ ಅದನ್ನು ಭಾವಿಸತಕ್ಕದ್ದಲ್ಲ. ಸೋಂಕು, ಬಿದ್ದು ಮೂಳೆ ಮುರಿಯುವುದು, ಗುಂಡು ಜಾರುವುದು ಮುಂತಾದ ಕಾರಣಗಳಿಗೂ ಕೀಲು ಬದಲಿಸಬೇಕಾಗಬಹುದು. ಸವಕಳಿಯ ಲೆಕ್ಕದಲ್ಲಿ ಇವು ಸೇರಿರುವುದಿಲ್ಲ. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡ್ ದೇಶಗಳ ದಾಖಲಾತಿಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸೊಂಟದ ಕೃತಕ ಕೀಲುಗಳಲ್ಲಿ 15 ವರ್ಷ ಬಾಳಿದವು ಸುಮಾರು 89 ಶೇಕಡಾ, 25 ವರ್ಷ ಬಾಳಿದವು ಸುಮಾರು 58 ಶೇಕಡಾ. ಇವು ಹಿಂದಿನ ಕಾಲದ ಕೀಲುಗಳ ಫಲಿತಾಂಶ ಎಂಬುದನ್ನೂ ನೆನಪಿನಲ್ಲಿಡಬೇಕು. ಹೆಚ್ಚುವರಿ ವೆಚ್ಚದ ಮಾದರಿಯನ್ನು ಸೂಚಿಸಿದಲ್ಲಿ, ಅದು ರೋಗಿಗಳಲ್ಲಿ ಎಷ್ಟು ವರ್ಷಗಳಿಂದ ಬಳಕೆಯಲ್ಲಿದೆ, ಯಾವುದಾದರೂ ದೇಶದ ದಾಖಲಾತಿಯಲ್ಲಿ ಅದರ ಹತ್ತು ವರ್ಷದ ಫಲಿತಾಂಶ ಲಭ್ಯವಿದೆಯೇ ಎಂದು ವಿಚಾರಿಸುವುದು ಸೂಕ್ತ.

ಕೀಲಿನ ಪೊಟ್ಟಣದ ಮೇಲೆ ತಯಾರಕರ ಹೆಸರು, ಮಾದರಿ, ಗಾತ್ರ ಮತ್ತು ತಯಾರಿಕಾ ತಂಡದ ಸಂಖ್ಯೆ ಮುದ್ರಿತವಾದ ಅಂಟುಚೀಟಿಗಳಿರುತ್ತವೆ. ಇವುಗಳಲ್ಲಿ ಒಂದನ್ನು ಬಿಡುಗಡೆ ಪತ್ರದ ಮೇಲೆ ಅಂಟಿಸಿಕೊಡುವಂತೆ ಆಸ್ಪತ್ರೆಯನ್ನು ಕೋರತಕ್ಕದ್ದು ಮತ್ತು ಸದರಿ ಪತ್ರದ ನಕಲನ್ನು ಪ್ರತ್ಯೇಕವಾಗಿ ಕಾಯ್ದಿರಿಸಿಕೊಳ್ಳತಕ್ಕದ್ದು. ಕೀಲಿನಿಂದ ತೊಂದರೆ ಉಂಟಾದಲ್ಲಿ, 2015ರಲ್ಲಿ ಪ್ರಾರಂಭವಾದ ವೈದ್ಯಕೀಯ ಸಾಧನಗಳ ಸುರಕ್ಷತಾ ನಿಗಾ ಕಾರ್ಯಕ್ರಮಕ್ಕೆ ವೈದ್ಯರ ಮೂಲಕ ಅಥವಾ ರೋಗಿಗಳೇ ವರದಿ ಸಲ್ಲಿಸಬಹುದು. ಗಾಜಿಯಾಬಾದ್‌ನಲ್ಲಿರುವ ಭಾರತೀಯ ಔಷಧ ಸಂಹಿತೆ ಆಯೋಗವು ಇದನ್ನು ನಿರ್ವಹಿಸುತ್ತಿದೆ. ವರದಿಗೂ ಮೇಲ್ಕಂಡ ಅಂಟುಚೀಟಿಯ ವಿವರಗಳು ಅವಶ್ಯವಿರುತ್ತವೆ.

ನೋವಿಲ್ಲದಿದ್ದರೂ ವೈದ್ಯರು ಸೂಚಿಸಿದ ಅವಧಿಗೆ ಕ್ಷ-ಕಿರಣ ಚಿತ್ರ ತೆಗೆಸತಕ್ಕದ್ದು. ಮೊದಲ ಒಂದೆರಡು ವರ್ಷಗಳಲ್ಲಿ ಗುಂಡು ಬಟ್ಟಲಿನೊಳಕ್ಕೆ ಇಳಿದಂತೆ ಕಾಣುವುದರಲ್ಲಿ ಪ್ಲಾಸ್ಟಿಕ್ ಒತ್ತಿಕೊಂಡು ಹೊಂದಿಕೊಳ್ಳುವುದೂ ಸೇರಿರುತ್ತದೆ, ಅದೆಲ್ಲವೂ ಸವಕಳಿಯಲ್ಲ. ನಂತರದ ವರ್ಷಗಳ ಚಿತ್ರಗಳನ್ನು ಮೊದಲಿನವುಗಳೊಂದಿಗೆ ಹೋಲಿಸಿದಾಗ ಮಾತ್ರ ನಿಜವಾದ ಸವಕಳಿ ತಿಳಿಯುತ್ತದೆ. ಆದುದರಿಂದ ಶಸ್ತ್ರಚಿಕಿತ್ಸೆಯಾದ ಕೂಡಲೇ ತೆಗೆದ ಚಿತ್ರವೂ ಸೇರಿದಂತೆ ಹಳೆಯ ಎಲ್ಲಾ ಚಿತ್ರಗಳನ್ನು ಪ್ರತಿ ಭೇಟಿಯಲ್ಲಿಯೂ ವೈದ್ಯರ ಬಳಿಗೆ ಕೊಂಡೊಯ್ಯಲು ಕೋರಲಾಗಿದೆ.